ಕಣದ ತೂಕ ಫೋನಿಗೆ ಬರುತ್ತಿಲ್ಲವೇ? ಸೆಲ್ಫ್-ಸೈನ್ಡ್ ಸರ್ಟಿಫಿಕೇಟ್ ಇರುವ ವೆಬ್‌ಸಾಕೆಟ್‌ನಲ್ಲಿ ದೋಷ ಹುಡುಕುವುದು

## ಲಕ್ಷಣ

ಸೋಮವಾರಪೇಟೆ ಕಡೆಯ ಒಂದು ಕಾಫಿ ತೋಟದ ವ್ಯವಸ್ಥೆ ಹೀಗಿದೆ. ಕೊಯ್ಲಿನ ದಿನಗಳಲ್ಲಿ ಸಂಜೆ ಕಣದ ಪಕ್ಕ ಹಣ್ಣಿನ ಚೀಲಗಳನ್ನು ತೂಗುತ್ತಾರೆ. ಕೂಲಿ ಕಿಲೋ ಲೆಕ್ಕದಲ್ಲಿ, ಹಾಗಾಗಿ ತೂಕ ಎಲ್ಲರ ಕಣ್ಣೆದುರೇ ಕಾಣಬೇಕು. ತೂಕದ ಯಂತ್ರದಿಂದ ಒಂದು ವೈರ್ ಗೋಡೌನಿನಲ್ಲಿರುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಹೋಗುತ್ತದೆ. ಪೈ ಮೇಲಿರುವ ನೋಡ್ ಸರ್ವರ್ ಆ ಅಂಕಿಯನ್ನು 8443ನೇ ಪೋರ್ಟಿನಲ್ಲಿ ವೆಬ್‌ಸಾಕೆಟ್ (ಸದಾ ತೆರೆದೇ ಇರುವ ಸಂಪರ್ಕ) ಮೂಲಕ ಕಳಿಸುತ್ತದೆ. ಕಣದಲ್ಲಿಟ್ಟ ಟ್ಯಾಬ್ಲೆಟ್‌ನಲ್ಲಿ ಅದನ್ನು ತೋರಿಸುವುದು ಒಂದು ವೆಬ್ ಪುಟ. ತೋಟದ ಲೆಕ್ಕ ಬರೆಯುವ ರೈಟರ ಮತ್ತು ಮಾಲೀಕರ ಫೋನಿನಲ್ಲಿ ಫ್ಲಟರ್‌ನಲ್ಲಿ ಬರೆದ ಆಪ್. ಇಂಟರ್ನೆಟ್ ಬೇಕಿಲ್ಲ, ತೋಟದ ವೈಫೈ ಸಾಕು.

ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿಯಾಗಿ ನಡೆಯುತ್ತದೆ. ಕಣಕ್ಕೆ ತಂದರೆ ಪುಟ ತೆರೆಯುತ್ತದೆ, ಆದರೆ ತೂಕದ ಜಾಗದಲ್ಲಿ ಸೊನ್ನೆ. ಕನ್ಸೋಲ್‌ನಲ್ಲಿ ‘ಕನೆಕ್ಷನ್ ಫೇಲ್ಡ್’, ಕ್ಲೋಸ್ ಕೋಡ್ 1006. ಆಪ್‌ನಲ್ಲಿ ‘ಹ್ಯಾಂಡ್‌ಶೇಕ್ ಎಕ್ಸೆಪ್ಷನ್’. ಸರ್ವರ್ ಲಾಗ್ ನೋಡಿದರೆ ಯಾರೂ ಬಂದೇ ಇಲ್ಲ ಅನ್ನುವ ಹಾಗೆ ಖಾಲಿ.

## ತೋಟದೊಳಗೆ ಟಿಎಲ್‌ಎಸ್ ಯಾಕೆ?

ಟಿಎಲ್‌ಎಸ್ ಎಂದರೆ ಸಂಪರ್ಕಕ್ಕೆ ಹಾಕುವ ಬೀಗ. ಅದಿಲ್ಲದ ವೆಬ್‌ಸಾಕೆಟ್ ಡಬ್ಲ್ಯುಎಸ್, ಅದಿರುವುದು ಡಬ್ಲ್ಯುಎಸ್‌ಎಸ್. ಸುಮ್ನೆ ಡಬ್ಲ್ಯುಎಸ್ ಸಾಕಲ್ವಾ ಅಂತ ಕೇಳಬಹುದು. ಪುಟಕ್ಕೆ ಕ್ಯಾಮೆರಾ ಬೇಡವಾಗಿದ್ದರೆ ಸಾಕಾಗುತ್ತಿತ್ತು. ಚೀಲಕ್ಕೆ ಕಟ್ಟಿದ ಕ್ಯುಆರ್ ಚೀಟಿಯನ್ನು ಟ್ಯಾಬ್ಲೆಟ್ ಓದಬೇಕು, ಆದರೆ ಎಚ್‌ಟಿಟಿಪಿಎಸ್ ಇಲ್ಲದ ಪುಟಕ್ಕೆ ಬ್ರೌಸರ್ ಕ್ಯಾಮೆರಾ ಕೊಡುವುದಿಲ್ಲ. ಸರ್ವರ್ ಸಿಗದಿದ್ದಾಗಲೂ ಪುಟವನ್ನು ಉಳಿಸಿಕೊಡುವ ಸರ್ವಿಸ್ ವರ್ಕರ್‌ಗೂ ಇದೇ ನಿಯಮ. ಲೋಕಲ್‌ಹೋಸ್ಟ್‌ಗೆ ಮಾತ್ರ ರಿಯಾಯಿತಿ ಇದೆ. ಲ್ಯಾಪ್‌ಟಾಪಿನಲ್ಲಿ ನಡೆದದ್ದು ಕಣದಲ್ಲಿ ನಡೆಯದೆ ಇರುವುದಕ್ಕೆ ಅರ್ಧ ಕಾರಣ ಈ ರಿಯಾಯಿತಿಯೇ. ಪುಟ ಒಮ್ಮೆ ಎಚ್‌ಟಿಟಿಪಿಎಸ್ ಆಯಿತೆಂದರೆ ಅದರೊಳಗಿಂದ ಬರೀ ಡಬ್ಲ್ಯುಎಸ್ ತೆರೆಯಲು ಬಿಡುವುದಿಲ್ಲ, ಮಿಕ್ಸ್ಡ್ ಕಂಟೆಂಟ್ ಅಂತ ತಡೆಯುತ್ತದೆ. ಉಳಿದದ್ದು ಡಬ್ಲ್ಯುಎಸ್‌ಎಸ್ ಒಂದೇ. 192.168ರಿಂದ ಶುರುವಾಗುವ ವಿಳಾಸಕ್ಕಾಗಲಿ, ಒಳಗಿನ ನೆಟ್‌ವರ್ಕಿಗಷ್ಟೇ ಇರುವ ಡಾಟ್ ಲೋಕಲ್ ಹೆಸರಿಗಾಗಲಿ ಹೊರಗಿನ ಯಾವ ಸಂಸ್ಥೆಯೂ ಸರ್ಟಿಫಿಕೇಟ್ (ಸರ್ವರ್‌ನ ಗುರುತಿನ ಪತ್ರ) ಕೊಡುವುದಿಲ್ಲ. ನಾವೇ ಸಹಿ ಹಾಕಿಕೊಳ್ಳಬೇಕು, ಸೆಲ್ಫ್-ಸೈನ್ಡ್ ಅಂದರೆ ಇದೇ.

## 1006ನ್ನು ನೋಡಿ ತಲೆ ಕೆಡಿಸಿಕೊಳ್ಳಬೇಡಿ

ವೆಬ್‌ಸಾಕೆಟ್‌ನ ನಿಯಮಾವಳಿ ಆರ್‌ಎಫ್‌ಸಿ 6455, ಬಂದದ್ದು 2011ರಲ್ಲಿ. ಟಿಎಲ್‌ಎಸ್ ಸೋತರೆ ಅಂತ ಅದರಲ್ಲಿ 1015 ಎಂಬ ಸಂಖ್ಯೆಯನ್ನೇ ತೆಗೆದಿಟ್ಟಿದ್ದಾರೆ. ಆದರೂ ಬ್ರೌಸರ್‌ಗಳು ನಿಮ್ಮ ಕೋಡಿಗೆ ಕೊಡುವುದು 1006 ಮಾತ್ರ. ಸರ್ವರ್ ಆಫ್ ಆಗಿದ್ದರೂ 1006, ಸರ್ಟಿಫಿಕೇಟ್ ಸರಿಯಿಲ್ಲದಿದ್ದರೂ 1006, ವೈಫೈ ಹೋದರೂ 1006. ಇದು ಬೇಕೆಂದೇ ಮಾಡಿದ್ದು. ಕಾರಣ ಹೇಳಿಬಿಟ್ಟರೆ ಯಾವುದೋ ಕಿಡಿಗೇಡಿ ಪುಟ ನಿಮ್ಮ ಮನೆಯ ನೆಟ್‌ವರ್ಕಿನಲ್ಲಿ ಯಾವ ವಿಳಾಸದಲ್ಲಿ ಏನಿದೆ ಅಂತ ಒಂದೊಂದಾಗಿ ತಟ್ಟಿ ನೋಡಬಹುದು.

ಹಾಗಾಗಿ ಎರರ್ ಹ್ಯಾಂಡ್ಲರ್ ಒಳಗೆ ಎಷ್ಟು ಲಾಗ್ ಬರೆದರೂ ಉಪಯೋಗವಿಲ್ಲ. ನಿಜವಾದ ಕಾರಣ ಡೆವಲಪರ್ ಟೂಲ್ಸ್‌ನ ಕನ್ಸೋಲ್‌ನಲ್ಲಿ ಮನುಷ್ಯರ ಕಣ್ಣಿಗೆ ಮಾತ್ರ ಕಾಣುತ್ತದೆ. ಟ್ಯಾಬ್ಲೆಟ್ ಆದರೆ ಯುಎಸ್‌ಬಿ ವೈರ್ ಹಾಕಿ, ಲ್ಯಾಪ್‌ಟಾಪಿನ ಕ್ರೋಮ್‌ನಿಂದ ರಿಮೋಟ್ ಡೀಬಗ್ಗಿಂಗ್ ತೆರೆದು ನೋಡಿ. ಅಲ್ಲಿ ‘ಸರ್ಟ್ ಅಥಾರಿಟಿ ಇನ್‌ವ್ಯಾಲಿಡ್’, ‘ಸರ್ಟ್ ಕಾಮನ್ ನೇಮ್ ಇನ್‌ವ್ಯಾಲಿಡ್’, ‘ಸರ್ಟ್ ಡೇಟ್ ಇನ್‌ವ್ಯಾಲಿಡ್’, ಈ ಮೂರರಲ್ಲಿ ಒಂದು ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ. ಯಾರು ಸಹಿ ಹಾಕಿದ್ದು, ಯಾರ ಹೆಸರಿಗೆ, ಯಾವ ದಿನದಿಂದ ಯಾವ ದಿನದವರೆಗೆ: ಸರ್ಟಿಫಿಕೇಟ್ ಕೆಟ್ಟರೆ ಈ ಮೂರರಲ್ಲೇ ಎಲ್ಲೋ ಕೆಟ್ಟಿರುತ್ತದೆ.

## ಆಪ್ ಮುಟ್ಟುವ ಮೊದಲು ಬ್ರೌಸರ್

ಕೋಡ್ ತೆರೆಯಬೇಡಿ. ಅದೇ ಫೋನಿನಲ್ಲಿ, ಅದೇ ವೈಫೈನಲ್ಲಿ, ವೆಬ್‌ಸಾಕೆಟ್‌ನ ವಿಳಾಸವನ್ನೇ ಬ್ರೌಸರಿನಲ್ಲಿ ಹಾಕಿ. ಡಬ್ಲ್ಯುಎಸ್‌ಎಸ್ ಇದ್ದ ಕಡೆ ಎಚ್‌ಟಿಟಿಪಿಎಸ್ ಬರೆಯಿರಿ. ಪೋರ್ಟ್ 8443 ಹಾಗೇ ಇರಲಿ.

ತುಂಬಾ ಹೊತ್ತು ತಿರುಗಿ ಟೈಮ್‌ಔಟ್ ಆದರೆ ಸರ್ಟಿಫಿಕೇಟ್‌ವರೆಗೆ ಮಾತೇ ಹೋಗಿಲ್ಲ ಎಂದರ್ಥ. ಇಲ್ಲಿ ನಮ್ಮ ಕಡೆ ಜಾಸ್ತಿ ಕಾಡುವ ವಿಷಯ ಒಂದಿದೆ. ವೈಫೈನಲ್ಲಿ ಇಂಟರ್ನೆಟ್ ಇಲ್ಲ ಅಂತ ಗೊತ್ತಾದರೆ ಆಂಡ್ರಾಯ್ಡ್ ಫೋನುಗಳು ಮೆಲ್ಲಗೆ ಮೊಬೈಲ್ ಡೇಟಾಗೆ ಜಾರಿಕೊಳ್ಳುತ್ತವೆ. ಮೇಲೆ ವೈಫೈ ಚಿಹ್ನೆ ಇದ್ದೇ ಇರುತ್ತದೆ. ಒಮ್ಮೆ ಡೇಟಾ ಆಫ್ ಮಾಡಿ ಪುಟ ಮತ್ತೆ ತೆರೆಯಿರಿ. ಬಂದರೆ ಸರ್ಟಿಫಿಕೇಟ್‌ನ ಮೇಲೆ ಸಿಟ್ಟು ಮಾಡಿಕೊಳ್ಳಬೇಕಿಲ್ಲ.

ಎಚ್ಚರಿಕೆಯ ಪುಟ ಬಂದರೆ ದೋಷ ಸಿಕ್ಕಿತು. ಮಾಮೂಲಿ ಪುಟಕ್ಕೆ ಬ್ರೌಸರ್ ‘ಅಪಾಯ ಇದೆ, ಮುಂದೆ ಹೋಗಲಾ?’ ಎಂದು ಕೇಳುತ್ತದೆ. ವೆಬ್‌ಸಾಕೆಟ್‌ಗೆ ಹಾಗೆ ಕೇಳುವ ಜಾಗವೇ ಇಲ್ಲ. ಬಾಗಿಲು ಹಾಕಿ ಸುಮ್ಮನಾಗುತ್ತದೆ. ನೀವೇ ಎಚ್‌ಟಿಟಿಪಿಎಸ್‌ನಲ್ಲಿ ಹೋಗಿ ಒಪ್ಪಿಗೆ ಕೊಟ್ಟು ಬಂದರೆ ಆಮೇಲೆ ಸಾಕೆಟ್ ಕೂಡ ತೆರೆಯುತ್ತದೆ. ಫೈರ್‌ಫಾಕ್ಸ್‌ನಲ್ಲಿ ಈ ಒಪ್ಪಿಗೆ ವಿಳಾಸಕ್ಕೂ ಪೋರ್ಟಿಗೂ ಸೇರಿ ಇರುತ್ತದೆ. ಪುಟ 443ರಲ್ಲಿ, ಸಾಕೆಟ್ 8443ರಲ್ಲಿ ಇದ್ದರೆ ಪುಟಕ್ಕೆ ಕೊಟ್ಟ ಒಪ್ಪಿಗೆ ಸಾಕೆಟ್‌ಗೆ ಸಲ್ಲುವುದಿಲ್ಲ. ಪುಟ ಚೆನ್ನಾಗಿ ತೆರೆದು ತೂಕ ಮಾತ್ರ ಬಾರದೆ ಇದ್ದರೆ ಮೊದಲು ಇದನ್ನು ನೋಡಿ.

ಒಪ್ಪಿಗೆ ಒತ್ತುವುದು ಪರೀಕ್ಷೆಗೆ ಸರಿ, ಪರಿಹಾರ ಅಲ್ಲ. ಹಾಗೆ ಒಪ್ಪಿ ಒಳಗೆ ಹೋದ ಪುಟದಲ್ಲಿ ಸರ್ವಿಸ್ ವರ್ಕರ್ ನೋಂದಣಿಯಾಗುವುದಿಲ್ಲ. ತೂಕ ಬರುತ್ತದೆ, ಆದರೆ ಪೈ ಆಫ್ ಆದ ಕ್ಷಣ ಪುಟವೂ ಹೋಗುತ್ತದೆ.

ಎಚ್ಚರಿಕೆ ಇಲ್ಲದೆ ‘ಅಪ್‌ಗ್ರೇಡ್ ರಿಕ್ವೈರ್ಡ್’ ಎಂಬ ಎರಡು ಪದ ಬಂದರೆ ಖುಷಿಪಡಿ. ಅದು 426 ಎಂಬ ಉತ್ತರ. ಟಿಎಲ್‌ಎಸ್ ಸರಿ ಇದೆ, ಸರ್ವರ್ ವೆಬ್‌ಸಾಕೆಟ್‌ಗೆ ಕಾಯುತ್ತಿದೆ ಅಂತ ಅರ್ಥ.

## ಓಪನ್‌ಎಸ್‌ಎಸ್‌ಎಲ್ ಹೇಳುವ ಸಂಖ್ಯೆ

ಇನ್ನೂ ಸ್ಪಷ್ಟವಾಗಿ ಬೇಕಿದ್ದರೆ ಲ್ಯಾಪ್‌ಟಾಪಿನಿಂದ ಓಪನ್‌ಎಸ್‌ಎಸ್‌ಎಲ್ ಎಂಬ ಟಿಎಲ್‌ಎಸ್ ಟೂಲಿನ ಎಸ್-ಕ್ಲೈಂಟ್ ಕಮಾಂಡ್ ಓಡಿಸಿ. ಕನೆಕ್ಟ್ ಆಯ್ಕೆಗೆ ಪೈ ವಿಳಾಸ ಮತ್ತು ಪೋರ್ಟ್ ಕೊಡಿ. ಪರದೆ ತುಂಬ ಏನೇನೋ ಬರುತ್ತದೆ, ಹೆದರಬೇಡಿ. ಕೊನೆಯ ಕಡೆ ‘ವೆರಿಫೈ ರಿಟರ್ನ್ ಕೋಡ್’ ಎಂಬ ಒಂದು ಸಾಲು ಇರುತ್ತದೆ, ಅದರ ಸಂಖ್ಯೆ ಓದಿ.

18 ಬಂದರೆ ಸರ್ಟಿಫಿಕೇಟ್ ತನಗೆ ತಾನೇ ಸಹಿ ಹಾಕಿಕೊಂಡಿದೆ, ಅದನ್ನು ನಂಬುವವರು ಈ ಯಂತ್ರದಲ್ಲಿ ಯಾರೂ ಇಲ್ಲ. 20 ಅಥವಾ 21 ಬಂದರೆ ಸಹಿ ಹಾಕಿದವರು ಬೇರೆ ಯಾರೋ ಇದ್ದಾರೆ, ಅವರ ಪರಿಚಯ ಸಿಗುತ್ತಿಲ್ಲ; ರೂಟ್ (ಸಹಿ ಹಾಕುವವರ ಮೂಲ ಸರ್ಟಿಫಿಕೇಟ್) ಹಾಕಿಲ್ಲ, ಇಲ್ಲವೇ ಸರ್ವರ್ ನಡುವಿನ ಸರ್ಟಿಫಿಕೇಟನ್ನು ಜೊತೆಗೆ ಕಳಿಸುತ್ತಿಲ್ಲ. 9 ಎಂದರೆ ದಿನಾಂಕ ಇನ್ನೂ ಶುರುವಾಗಿಲ್ಲ. 10 ಎಂದರೆ ಅವಧಿ ಮುಗಿದಿದೆ. 0 ಎಂದರೆ ಸರಿ.

ಆದರೆ ಈ 0 ನಂಬಿ ಕೂತರೆ ಮೋಸ. ಎಸ್-ಕ್ಲೈಂಟ್ ತಾನಾಗಿ ಹೆಸರನ್ನು ತಾಳೆ ನೋಡುವುದಿಲ್ಲ. ಸಹಿ ಸರಿ, ದಿನಾಂಕ ಸರಿ ಅಂದರೆ 0 ಹೇಳಿ ಮುಗಿಸುತ್ತದೆ. ಆಪ್ ಮಾತ್ರ ಅದೇ ಸರ್ಟಿಫಿಕೇಟನ್ನು ಒಪ್ಪುವುದಿಲ್ಲ, ಯಾಕೆಂದರೆ ಆಪ್ ಹೆಸರನ್ನೂ ನೋಡುತ್ತದೆ. ‘ವೆರಿಫೈ-ಹೋಸ್ಟ್‌ನೇಮ್’ ಅಥವಾ ‘ವೆರಿಫೈ-ಐಪಿ’ ಆಯ್ಕೆಯನ್ನು ಸೇರಿಸಿ ಮತ್ತೆ ಓಡಿಸಿ. ಹೆಸರು ತಾಳೆಯಾಗದಿದ್ದರೆ 62, ಐಪಿ ತಾಳೆಯಾಗದಿದ್ದರೆ 64 ಬರುತ್ತದೆ.

ಸಂಖ್ಯೆಯೇ ಬಾರದೆ ‘ರಾಂಗ್ ವರ್ಷನ್ ನಂಬರ್’ ಅಂತ ಬಂದರೆ ಟಿಎಲ್‌ಎಸ್ ಆವೃತ್ತಿ ಹುಡುಕಿಕೊಂಡು ಹೋಗಬೇಡಿ. ಹೆಚ್ಚಾಗಿ ಆ ಪೋರ್ಟಿನಲ್ಲಿ ಟಿಎಲ್‌ಎಸ್ಸೇ ಇರುವುದಿಲ್ಲ, ಸರ್ವರ್ ಬರೀ ಎಚ್‌ಟಿಟಿಪಿಯಲ್ಲಿ ಮಾತಾಡುತ್ತಿರುತ್ತದೆ.

## ಹೆಸರು: ಕರೆಂಟ್ ಹೋಗಿ ಬಂದಮೇಲಿನ ಕಥೆ

ಸರ್ಟಿಫಿಕೇಟ್ ಮಾಡುವಾಗ ‘ಕಾಮನ್ ನೇಮ್’ ಏನು ಅಂತ ಓಪನ್‌ಎಸ್‌ಎಸ್‌ಎಲ್ ಕೇಳುತ್ತದೆ. ಅಲ್ಲಿ ಐಪಿ ಬರೆದು ಕೆಲಸ ಮುಗಿಯಿತು ಅಂದುಕೊಳ್ಳುವವರು ಈಗಲೂ ಇದ್ದಾರೆ. 2017ರಲ್ಲಿ ಬಂದ ಕ್ರೋಮ್ 58ರಿಂದ ಆ ಜಾಗವನ್ನು ಬ್ರೌಸರ್ ನೋಡುವುದನ್ನೇ ಬಿಟ್ಟಿದೆ. ಅದು ನೋಡುವುದು ‘ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್’ ಪಟ್ಟಿಯನ್ನು, ಎಲ್ಲರ ಬಾಯಲ್ಲಿ ಸ್ಯಾನ್. ತಮಾಷೆ ಏನೆಂದರೆ ಸ್ಯಾನ್ ಇಲ್ಲದಿದ್ದರೂ ಕ್ರೋಮ್ ದೂರುವುದು ಕಾಮನ್ ನೇಮ್ ಸರಿಯಿಲ್ಲ ಅಂತಲೇ. ಅದನ್ನು ಓದಿದವರು ಕಾಮನ್ ನೇಮ್ ತಿದ್ದುತ್ತಾ ಕೂರುತ್ತಾರೆ.

ಸ್ಯಾನ್‌ನಲ್ಲೂ ಎರಡು ಬಗೆ. ಹೆಸರಾದರೆ ಡಿಎನ್‌ಎಸ್ ಬಗೆ, ಅಂಕಿಯ ವಿಳಾಸವಾದರೆ ಐಪಿ ಬಗೆ. 192.168.1.20 ಅನ್ನು ಡಿಎನ್‌ಎಸ್ ಎಂದು ಬರೆದರೆ ಓದಲು ಸರಿಯಾಗಿ ಕಾಣುತ್ತದೆ, ತಾಳೆ ಮಾತ್ರ ಆಗುವುದಿಲ್ಲ. ಎಸ್-ಕ್ಲೈಂಟ್ ಕೊಟ್ಟ ಸರ್ಟಿಫಿಕೇಟನ್ನು ಓಪನ್‌ಎಸ್‌ಎಸ್‌ಎಲ್‌ನ ಎಕ್ಸ್509 ಕಮಾಂಡಿಗೆ ಕೊಟ್ಟು, ಪಠ್ಯವಾಗಿ ತೆಗೆದು, ಆ ಸಾಲಿನಲ್ಲಿ ಯಾವ ಬಗೆ ಇದೆ ಅಂತ ಕಣ್ಣಾರೆ ನೋಡಿ.

ಇನ್ನು ಕರೆಂಟ್. ಗಾಳಿಗೆ ಸಿಲ್ವರ್ ಓಕ್ ಕೊಂಬೆ ಲೈನಿನ ಮೇಲೆ ಬಿತ್ತು, ಕರೆಂಟ್ ಹೋಯಿತು, ರೌಟರ್ ಆಫ್ ಆಗಿ ಆನ್ ಆಯಿತು. ಆಮೇಲೆ ರೈಟರ ಫೋನ್ ಹೀಗೆ ಬರುತ್ತದೆ:

“ಸಾರ್, ಕರೆಂಟ್ ಬಂತು. ಪೈ ಡಿಸ್‌ಪ್ಲೇನಲ್ಲಿ ಕೊನೆಗೆ 23 ಅಂತ ತೋರಿಸ್ತಾ ಇದೆ. ಆಪ್‌ನಲ್ಲಿ ಅದನ್ನೇ ಹಾಕಿದೆ. ಆದ್ರೂ ತೂಕ ಬರ್ತಿಲ್ಲ.”

“ನಿನ್ನೆ ಎಷ್ಟಿತ್ತು ರೈಟ್ರೇ?”

“20 ಇತ್ತಲ್ವಾ ಸಾರ್.”

ರೌಟರ್ ಪೈಗೆ ಹೊಸ ವಿಳಾಸ ಕೊಟ್ಟಿದೆ. ಸರ್ಟಿಫಿಕೇಟ್‌ನಲ್ಲಿ ಇರುವುದು ಹಳೆಯದು. ಇಲ್ಲಿ ಒಂದು ಗುರುತು ನೆನಪಿಟ್ಟುಕೊಳ್ಳಿ. ಆಪ್ ಹಳೆಯ ವಿಳಾಸಕ್ಕೇ ಹೋಗುತ್ತಿದ್ದರೆ ಟೈಮ್‌ಔಟ್ ಬರುತ್ತದೆ, ಯಾಕೆಂದರೆ ಅಲ್ಲಿ ಯಾರೂ ಇಲ್ಲ. ಯಾರಾದರೂ ಹೊಸ ವಿಳಾಸ ಹಾಕಿದ ಕೂಡಲೇ ಟೈಮ್‌ಔಟ್ ಹೋಗಿ ಸರ್ಟಿಫಿಕೇಟ್ ದೋಷ ಬರುತ್ತದೆ. ದೋಷ ಬದಲಾಯಿತು ಎಂದರೆ ವಿಳಾಸ ಬದಲಾಗಿದೆ.

ಪರಿಹಾರ ಸರ್ಟಿಫಿಕೇಟ್‌ನಲ್ಲಿಲ್ಲ, ರೌಟರ್‌ನಲ್ಲಿದೆ. ಡಿಎಚ್‌ಸಿಪಿ ರಿಸರ್ವೇಶನ್‌ನಲ್ಲಿ ಪೈನ ಮ್ಯಾಕ್ ವಿಳಾಸಕ್ಕೆ 192.168.1.20 ಅನ್ನು ಕಾಯಂ ಮಾಡಿ. ಡಾಟ್ ಲೋಕಲ್ ಹೆಸರನ್ನೂ ಸ್ಯಾನ್‌ಗೆ ಸೇರಿಸಿ, ಆದರೆ ಅದೊಂದನ್ನೇ ನಂಬಬೇಡಿ. ಹಳೆಯ ಆಂಡ್ರಾಯ್ಡ್ ಫೋನುಗಳಿಗೆ ಡಾಟ್ ಲೋಕಲ್ ಅರ್ಥವಾಗುವುದಿಲ್ಲ, ತೋಟದಲ್ಲಿ ಹಳೆಯ ಫೋನುಗಳೇ ಜಾಸ್ತಿ.

## ದಿನಾಂಕ: ಪೈಗೆ ಇನ್ನೂ ಫೆಬ್ರವರಿ

ಇದು ಎಲ್ಲಕ್ಕಿಂತ ವಿಚಿತ್ರವಾಗಿ ಕಾಣುವ ದೋಷ. ಅರೇಬಿಕಾ ಕೊಯ್ಲು ಮುಗಿದಮೇಲೆ ಫೆಬ್ರವರಿಯಲ್ಲಿ ಎಲ್ಲ ಯಂತ್ರಗಳನ್ನು ಆಫ್ ಮಾಡಿ ಕಟ್ಟಿಡುತ್ತಾರೆ. ನವೆಂಬರಿನಲ್ಲಿ ಮತ್ತೆ ತೆಗೆಯುತ್ತಾರೆ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಲ್ಲಿ ಇನ್ನೊಂದು ಪೈ ಇದೆ ಅಂದುಕೊಳ್ಳಿ. ಅದು ಗೋಡೌನಿನ ಪೈಗೆ ಕ್ಲೈಂಟ್ ಆಗಿ ಸೇರಿ ತೂಕ ತೆಗೆದುಕೊಳ್ಳುತ್ತದೆ. ನೀವು ನವೆಂಬರಿನಲ್ಲೇ ಹೊಸ ಸರ್ಟಿಫಿಕೇಟ್ ಮಾಡಿ ಹಾಕಿದಿರಿ. ಫೋನುಗಳೆಲ್ಲ ಸೇರಿಕೊಂಡವು. ಪಲ್ಪರ್ ಮನೆಯ ಪೈ ಮಾತ್ರ ‘ಸರ್ಟಿಫಿಕೇಟ್ ಈಸ್ ನಾಟ್ ಯೆಟ್ ವ್ಯಾಲಿಡ್’ ಅನ್ನುತ್ತದೆ.

ರಾಸ್ಪ್‌ಬೆರಿ ಪೈ 4ರವರೆಗಿನ ಬೋರ್ಡುಗಳಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಆಫ್ ಆಗುವಾಗ ಇದ್ದ ಸಮಯವನ್ನು ಕಾರ್ಡಿನಲ್ಲಿ ಬರೆದಿಟ್ಟು, ಆನ್ ಆದಾಗ ಅಲ್ಲಿಂದಲೇ ಎಣಿಕೆ ಶುರು ಮಾಡುತ್ತದೆ. ಇಂಟರ್ನೆಟ್ ಇದ್ದರೆ ಎನ್‌ಟಿಪಿಯಿಂದ ತಿದ್ದಿಕೊಳ್ಳುತ್ತದೆ. ತೋಟದಲ್ಲಿ ಇಂಟರ್ನೆಟ್ ಇಲ್ಲ. ಅದರ ಲೆಕ್ಕದಲ್ಲಿ ಇನ್ನೂ ಫೆಬ್ರವರಿ, ನಿಮ್ಮ ಸರ್ಟಿಫಿಕೇಟ್ ಹುಟ್ಟಿಯೇ ಇಲ್ಲ.

ಎರಡೂ ಕಡೆ ಡೇಟ್ ಕಮಾಂಡ್ ಕೊಟ್ಟು ನೋಡಿದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ತಪ್ಪಿರಬೇಕಾದದ್ದು ಕ್ಲೈಂಟ್‌ನ ಗಡಿಯಾರ ಎಂಬುದು ಗಮನದಲ್ಲಿರಲಿ. ಸರ್ವರ್‌ನ ಗಡಿಯಾರ ತಪ್ಪಿದ್ದರೂ ಕ್ಲೈಂಟ್‌ಗೆ ಅದರ ಹಂಗಿಲ್ಲ. ಡಿಎಸ್3231 ಚಿಪ್ ಇರುವ ಚಿಕ್ಕ ಆರ್‌ಟಿಸಿ (ಬ್ಯಾಟರಿ ಗಡಿಯಾರದ) ಬೋರ್ಡ್ ಹಾಕಿದರೆ ಸರಿಹೋಗುತ್ತದೆ. ಪೈ 5ರಲ್ಲಿ ಗಡಿಯಾರ ಇದೆ, ಅದರ ಬ್ಯಾಟರಿಯನ್ನು ಬೇರೆ ತರಬೇಕು. ಗಡಿಯಾರದ ಬೋರ್ಡನ್ನು ಗೋಡೌನಿನ ಪೈಗೆ ಹಾಕಿ, ಅದರ ಮೇಲೆ ಕ್ರೋನಿ ಎಂಬ ಸಮಯದ ಸರ್ವರ್ ಓಡಿಸಿ ಉಳಿದ ಯಂತ್ರಗಳಿಗೆ ಅದರಿಂದಲೇ ಸಮಯ ಕೊಡುವುದು ನನಗೆ ಹಿಡಿಸಿದ ದಾರಿ.

## ನಂಬಿಕೆ: ಕ್ರೋಮ್ ಒಪ್ಪುತ್ತದೆ, ಆಪ್ ಒಪ್ಪುವುದಿಲ್ಲ

ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮ ರೂಟ್ ಸರ್ಟಿಫಿಕೇಟ್ ಹಾಕಿದಿರಿ. ಕ್ರೋಮ್‌ನಲ್ಲಿ ಎಚ್ಚರಿಕೆ ಹೋಯಿತು. ಆಪ್ ಹಾಗೇ ಇದೆ. ಆಂಡ್ರಾಯ್ಡ್ 7ರಿಂದ, ಅಂದರೆ 2016ರಿಂದ, ಬಳಕೆದಾರರು ಕೈಯಾರೆ ಹಾಕಿದ ರೂಟನ್ನು ಆಪ್‌ಗಳು ತಾವಾಗಿ ನಂಬುವುದಿಲ್ಲ. ಜಾವಾ, ಕೋಟ್ಲಿನ್, ರಿಯಾಕ್ಟ್ ನೇಟಿವ್‌ನಲ್ಲಿ ಬರೆದ ಆಪ್ ಆದರೆ ನೆಟ್‌ವರ್ಕ್ ಸೆಕ್ಯುರಿಟಿ ಕಾನ್ಫಿಗ್ ಎಂಬ ಎಕ್ಸ್‌ಎಂಎಲ್ ಫೈಲಿನಲ್ಲಿ ನಿಮ್ಮ ರೂಟನ್ನು ಟ್ರಸ್ಟ್ ಆ್ಯಂಕರ್ ಆಗಿ ಸೇರಿಸಬೇಕು. ಆ ರೂಟ್ ಫೈಲ್ ಆಪ್‌ನ ರಾ ಫೋಲ್ಡರಿನಲ್ಲಿ ಇರಲಿ.

ಇದರಲ್ಲಿ ‘ಡೀಬಗ್ ಓವರ್‌ರೈಡ್ಸ್’ ಎಂಬ ಭಾಗವೂ ಇದೆ. ಅದರೊಳಗೆ ಬರೆದದ್ದು ಡೀಬಗ್ ಬಿಲ್ಡ್‌ಗೆ ಮಾತ್ರ. ನಿಮ್ಮ ಮೇಜಿನ ಮೇಲೆ ಓಡುತ್ತದೆ, ರಿಲೀಸ್ ಮಾಡಿ ರೈಟರ ಫೋನಿಗೆ ಹಾಕಿದ ದಿನ ನಿಲ್ಲುತ್ತದೆ. ‘ಟ್ರಸ್ಟ್ ಆ್ಯಂಕರ್ ನಾಟ್ ಫೌಂಡ್’ ರಿಲೀಸ್‌ನಲ್ಲಿ ಮಾತ್ರ ಬರುತ್ತಿದ್ದರೆ ಬೇರೆಲ್ಲೂ ಹುಡುಕಬೇಡಿ.

ಫ್ಲಟರ್‌ನದು ಬೇರೆಯೇ ದಾರಿ. ಫ್ಲಟರ್‌ನ ಭಾಷೆಯಾದ ಡಾರ್ಟ್ ತನ್ನದೇ ಟಿಎಲ್‌ಎಸ್ ಬಳಸುತ್ತದೆ, ಆಂಡ್ರಾಯ್ಡ್‌ನ ಆ ಎಕ್ಸ್‌ಎಂಎಲ್ ಫೈಲನ್ನು ತಿರುಗಿಯೂ ನೋಡುವುದಿಲ್ಲ. ಸಂಜೆಯಿಡೀ ಎಕ್ಸ್‌ಎಂಎಲ್ ತಿದ್ದಿದರೂ ಫಲ ಸೊನ್ನೆ. ರೂಟ್ ಫೈಲನ್ನು ಅಸೆಟ್ ಆಗಿ ಸೇರಿಸಿ, ಸೆಕ್ಯುರಿಟಿ ಕಾಂಟೆಕ್ಸ್ಟ್‌ಗೆ ಅದರ ಬೈಟ್‌ಗಳನ್ನು ಕೊಡಿ. ಆ ಕಾಂಟೆಕ್ಸ್ಟ್‌ನಿಂದ ಎಚ್‌ಟಿಟಿಪಿ ಕ್ಲೈಂಟ್ ಮಾಡಿ, ವೆಬ್‌ಸಾಕೆಟ್ ಕನೆಕ್ಟ್‌ನ ಕಸ್ಟಮ್ ಕ್ಲೈಂಟ್ ಜಾಗಕ್ಕೆ ಅದನ್ನು ದಾಟಿಸಿ.

ಐಫೋನ್ ಇದ್ದರೆ ಪ್ರೊಫೈಲ್ ಹಾಕಿದಷ್ಟಕ್ಕೆ ಮುಗಿಯುವುದಿಲ್ಲ. ಜನರಲ್, ಅಬೌಟ್, ಸರ್ಟಿಫಿಕೇಟ್ ಟ್ರಸ್ಟ್ ಸೆಟ್ಟಿಂಗ್ಸ್‌ಗೆ ಹೋಗಿ ಸ್ವಿಚ್ ಒತ್ತಬೇಕು. ಐಒಎಸ್ 13ರಿಂದ ಸರ್ವರ್ ಸರ್ಟಿಫಿಕೇಟ್‌ನ ಅವಧಿ 825 ದಿನ ಮೀರಬಾರದು. ಹತ್ತು ವರ್ಷಕ್ಕೆ ಮಾಡಿಟ್ಟ ಸರ್ಟಿಫಿಕೇಟ್ ಆಂಡ್ರಾಯ್ಡ್‌ನಲ್ಲಿ ಓಡಿ ಐಫೋನಿನಲ್ಲಿ ಓಡದಿದ್ದರೆ ಕಾರಣ ಇದೇ.

## ‘ಎಲ್ಲ ಒಪ್ಪಿಕೋ’ ಎಂಬ ಒಂದು ಸಾಲು

ಹುಡುಕಿದ ಕಡೆಯೆಲ್ಲ ಸಿಗುವ ಉತ್ತರ ಒಂದೇ: ಬ್ಯಾಡ್ ಸರ್ಟಿಫಿಕೇಟ್ ಕಾಲ್‌ಬ್ಯಾಕ್‌ನಲ್ಲಿ ಟ್ರೂ ಕಳಿಸಿ, ನೋಡ್ ಆದರೆ ರಿಜೆಕ್ಟ್ ಅನ್‌ಆಥರೈಸ್ಡ್ ಅನ್ನು ಫಾಲ್ಸ್ ಮಾಡಿ. ಹೌದು, ಕೂಡಲೇ ಓಡುತ್ತದೆ. ದೋಷ ಸರ್ಟಿಫಿಕೇಟ್‌ನದೋ ಅಲ್ಲವೋ ಅಂತ ತಿಳಿಯಲು ಐದು ನಿಮಿಷ ಹಾಗೆ ಮಾಡಿ ನೋಡುವುದಕ್ಕೆ ನನ್ನ ತಕರಾರಿಲ್ಲ. ಹಾಗೇ ಬಿಟ್ಟು ಹೋಗುವುದಕ್ಕೆ ಇದೆ.

ತೋಟದ ನೆಟ್‌ವರ್ಕ್ ತಾನೆ, ಯಾರು ಬರುತ್ತಾರೆ ಅನ್ನಬಹುದು. ಕೊಡಗಿನಲ್ಲಿ ಎಷ್ಟು ತೋಟಗಳಲ್ಲಿ ಹೋಂಸ್ಟೇ ಇದೆ ಅಂತ ನಿಮಗೆ ಗೊತ್ತು. ವಾರಾಂತ್ಯಕ್ಕೆ ಬಂದ ಅತಿಥಿಗೆ ಕೊಡುವ ವೈಫೈ ಪಾಸ್‌ವರ್ಡ್ ಬಹಳ ಕಡೆ ಗೋಡೌನಿನದೇ. ಪರಿಶೀಲನೆ ಆಫ್ ಮಾಡಿದ ಆಪ್, ನಡುವೆ ನಿಂತ ಯಾರ ಲ್ಯಾಪ್‌ಟಾಪನ್ನೂ ಪೈ ಅಂತಲೇ ನಂಬುತ್ತದೆ. ಆ ಸಾಕೆಟ್‌ನಲ್ಲಿ ಹರಿಯುವುದು ಜನರ ದಿನದ ಕೂಲಿ. ಇಂಥ ಕೋಡ್ ಕಂಡರೆ ಪ್ಲೇ ಸ್ಟೋರ್ ಕೂಡ ಆಪನ್ನು ತಡೆಯಬಹುದು.

ಎಂಕೆಸರ್ಟ್ ಎಂಬ ಟೂಲ್ ಇದೆ. ಲ್ಯಾಪ್‌ಟಾಪಿನಲ್ಲಿ ಒಮ್ಮೆ ಓಡಿಸಿದರೆ ನಿಮ್ಮದೇ ಒಂದು ರೂಟ್ ಮಾಡಿಕೊಡುತ್ತದೆ. ಆಮೇಲೆ ಐಪಿ, ಹೆಸರು ಎರಡನ್ನೂ ಕೊಟ್ಟರೆ ಸ್ಯಾನ್‌ನಲ್ಲಿ ಸರಿಯಾದ ಬಗೆಯಲ್ಲೇ ಬರೆದ ಸರ್ವರ್ ಸರ್ಟಿಫಿಕೇಟ್ ಕೊಡುತ್ತದೆ. ಅವಧಿಯೂ 825 ದಿನದೊಳಗೇ ಇರುತ್ತದೆ. ಫೋನುಗಳಿಗೆ ಹೋಗಬೇಕಾದದ್ದು ರೂಟ್ ಸರ್ಟಿಫಿಕೇಟ್ ಮಾತ್ರ. ರೂಟ್‌ನ ಕೀ ನಿಮ್ಮ ಲ್ಯಾಪ್‌ಟಾಪ್ ಬಿಟ್ಟು ಹೊರಗೆ ಹೋಗಬಾರದು, ಪೈ ಮೇಲೂ ಇಡಬೇಡಿ. ಸರ್ವರ್ ಸರ್ಟಿಫಿಕೇಟ್ ಬದಲಾದರೂ ರೂಟ್ ಅದೇ ಇರುವುದರಿಂದ ಆಪ್ ಮತ್ತೆ ಬಿಲ್ಡ್ ಮಾಡಬೇಕಿಲ್ಲ.

ಸ್ವಂತ ಡೊಮೇನ್ ಇದ್ದರೆ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಡಿಎನ್‌ಎಸ್ ಮೂಲಕ ನಿಜವಾದ ಸರ್ಟಿಫಿಕೇಟ್ ಪಡೆದು, ಆ ಹೆಸರು ಒಳಗಿನ ಐಪಿಯನ್ನು ತೋರಿಸುವಂತೆ ಮಾಡುವ ದಾರಿಯೂ ಉಂಟು. ಮಡಿಕೇರಿ ಪೇಟೆಯ ಆಫೀಸಿಗೆ ಅದು ಚೆನ್ನ. ತೋಟಕ್ಕೆ ಬೇಡ. ನೆಟ್ ಹೋದಾಗ ಹೆಸರೇ ಸಿಗುವುದಿಲ್ಲ, ಸರ್ಟಿಫಿಕೇಟನ್ನು ಆಗಾಗ ಹೊಸದು ಮಾಡಲೂ ನೆಟ್ ಬೇಕು.

## ಟಿಎಲ್‌ಎಸ್ ಸರಿ, ಆದರೂ ಇಲ್ಲ

ಎಸ್-ಕ್ಲೈಂಟ್ ಹೆಸರನ್ನೂ ನೋಡಿ 0 ಕೊಟ್ಟಿತು, ಬ್ರೌಸರಿನಲ್ಲಿ ಎಚ್ಚರಿಕೆ ಇಲ್ಲ, ಆದರೂ ಸಾಕೆಟ್ ತೆರೆಯುತ್ತಿಲ್ಲ ಎಂದರೆ ಸರ್ಟಿಫಿಕೇಟನ್ನು ಬಿಟ್ಟುಬಿಡಿ. ನೆಟ್‌ವರ್ಕ್ ಟ್ಯಾಬ್‌ನಲ್ಲಿ ಉತ್ತರದ ಸಂಖ್ಯೆ 101 (ವೆಬ್‌ಸಾಕೆಟ್‌ಗೆ ಬದಲಾಯಿತು ಅಂತ ಅರ್ಥ) ಇದೆಯಾ ನೋಡಿ. 200 ಅಥವಾ 400 ಇದ್ದರೆ, ನಡುವೆ ಎಂಜಿನ್‌ಎಕ್ಸ್ ಎಂಬ ಮಧ್ಯವರ್ತಿ ಸರ್ವರ್ ಇಟ್ಟಿದ್ದರೆ, ಅದು ಅಪ್‌ಗ್ರೇಡ್ ಮತ್ತು ಕನೆಕ್ಷನ್ ಹೆಡರ್‌ಗಳನ್ನು ಹಿಂದಿನ ಸರ್ವರ್‌ಗೆ ದಾಟಿಸುತ್ತಿಲ್ಲ. ಎಚ್‌ಟಿಟಿಪಿ ಆವೃತ್ತಿ 1.1 ಎಂದೂ ಬರೆದಿರಬೇಕು.

ತೆರೆದು, ಸ್ವಲ್ಪ ಹೊತ್ತು ಓಡಿ, ಆಮೇಲೆ ಬೀಳುವುದು ಮತ್ತೊಂದು. ಹಿಂದಿನ ಸರ್ವರ್‌ನಿಂದ 60 ಸೆಕೆಂಡು ಏನೂ ಬಾರದಿದ್ದರೆ ಎಂಜಿನ್‌ಎಕ್ಸ್ ಸಂಪರ್ಕ ಕತ್ತರಿಸುತ್ತದೆ. ತೂಗುವಾಗ ಒಂದು ಚೀಲಕ್ಕೂ ಇನ್ನೊಂದಕ್ಕೂ ನಡುವೆ ಅಷ್ಟು ಹೊತ್ತು ಆಗುವುದು ಮಾಮೂಲು. ಸರ್ವರ್‌ನಿಂದ 30 ಸೆಕೆಂಡಿಗೊಮ್ಮೆ ಪಿಂಗ್ ಕಳಿಸಿ, ಸರಿಹೋಗುತ್ತದೆ.